ಕಿಡ್ನಿ ಸೋತಾಗ ಹೃದಯಕ್ಕೂ ಭಾರ



"ಕಾಯಿಲೆ ಇರೋದು ಕಿಡ್ನಿಗೆ ಅಂದ್ರು, ಈಗ ಹಾರ್ಟೂ ವೀಕ್ ಆಗಿದೆ ಅಂತಾರೆ. ಇದೇನು?" ಎಂದು ಕಿಡ್ನಿ ರೋಗಿಗಳ ಮನೆಯವರು ಕೇಳುತ್ತಾರೆ. ಇದನ್ನು ನಾವೆಲ್ಲರೂ ತಿಳಿದುಕೊಳ್ಳೋಣ.

ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಬುಡದಲ್ಲೇ ನಿಲ್ಲುತ್ತದೆ. ಹಾಗೆಯೇ ಕಿಡ್ನಿ ಸೋತಾಗ ಉಪ್ಪು, ನೀರು ದೇಹದಲ್ಲೇ ಉಳಿಯುತ್ತವೆ. ಬಿ.ಪಿ. ಏರುತ್ತದೆ. ರಕ್ತ ಉತ್ಪತ್ತಿಗೆ ಕಿಡ್ನಿ ಕೊಡುವ ಪ್ರಚೋದನೆ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಹೃದಯ ಹಗಲಿರುಳು ಹೆಚ್ಚು ದುಡಿದು, ಗೋಡೆ ದಪ್ಪಗಾಗಿ, ಕೊನೆಗೆ ಸೋಲುತ್ತದೆ. ಇದೇ ಹೃದಯ ವೈಫಲ್ಯ. ಅಂದರೆ ಹೃದಯ ನಿಂತುಹೋಯಿತು ಎಂದಲ್ಲ. ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಶಕ್ತಿ ಸಾಲದು ಎಂದು ಅರ್ಥ.

ಗುರುತುಗಳು

ಕಾಲು, ಮುಖ ಊದುವುದು. ನಾಲ್ಕು ಹೆಜ್ಜೆಗೇ ಏದುಸಿರು. ಮಲಗಿದರೆ ಉಸಿರು ಕಟ್ಟಿ ಎರಡು ಮೂರು ದಿಂಬು ಬೇಕಾಗುವುದು. ಎರಡು ಮೂರು ದಿನದಲ್ಲೇ 2 ಕಿಲೋ ತೂಕ ಏರುವುದು. ಇದು ಕೊಬ್ಬಲ್ಲ, ನೀರು. "ಕೆಲಸ ಜಾಸ್ತಿಯಾಯ್ತು, ಅದಕ್ಕೇ ಸುಸ್ತು" ಎಂದು ಹೆಂಗಸರು ಮುಚ್ಚಿಡಬಾರದು. ಕೂತಲ್ಲೇ ಉಸಿರಾಡಲು ಆಗದಿದ್ದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಏನು ಮಾಡಬೇಕು?

* ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ.
* ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿ.
* ನೀರು, ಕಾಫಿ, ಮಜ್ಜಿಗೆ, ಸಾರು ಸೇರಿ ಎಷ್ಟು ಕುಡಿಯಬಹುದೆಂದು ವೈದ್ಯರನ್ನೇ ಕೇಳಿ.
* ನಮ್ಮದು ತೆಂಗಿನ ಸೀಮೆ. ರೋಗಿಯನ್ನು ನೋಡಲು ಹೋಗುವವರು ಎಳನೀರು ಒಯ್ಯುತ್ತೇವೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದು; ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಕೊಡಬೇಡಿ. 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ.
* ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗಬೇಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ.

ಡಯಾಲಿಸಿಸ್ ತಪ್ಪಿಸಬೇಡಿ

ಮದುವೆ, ಹಬ್ಬ, ಕೂಲಿ ಅಂತ ಒಂದು ಸರದಿ ತಪ್ಪಿದರೂ ನೀರು ತುಂಬಿ ಹೃದಯಕ್ಕೆ ಅಪಾಯ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ, ಜಯದೇವ ಹೃದ್ರೋಗ ಸಂಸ್ಥೆ ಇವೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯಬೇಡಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಿ.

ಹೆಂಗಸರಿಗೆ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಜೊತೆಗೆ ಹೋಗುವ ಗಂಡಸಿಗೆ ಬಸ್ ಚಾರ್ಜು ಬೇಕು, ಆ ದಿನದ ಕೂಲಿಯೂ ಹೋಗುತ್ತದೆ. ಇದಕ್ಕಾಗಿ ಮೀಟರ್ ಬಡ್ಡಿಗೆ ಕೈ ಒಡ್ಡುವ ಮೊದಲು ಸಂಘದ ಉಳಿತಾಯದಿಂದ ಕಡಿಮೆ ಬಡ್ಡಿಯ ತುರ್ತು ಸಾಲ ಕೊಡಬಹುದಲ್ಲವೇ? ಸರದಿಯ ಮೇಲೆ ಒಬ್ಬೊಬ್ಬರು ಜೊತೆಗೆ ಹೋಗಬಹುದಲ್ಲವೇ? ಮುಂದಿನ ಸಭೆಯಲ್ಲಿ ಇದನ್ನು ಓದಿ, ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಯಿರಿ.