ಹಾರಾಟ ಮುಗಿಸಿದ ಮೂಲಮಾದರಿ ವಿಮಾನ ಎಲ್ಲಿಗೆ ಹೋಗುತ್ತದೆ?

ಫೌಂಡ್ರಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಹೊಸ ಪ್ಯಾಟರ್ನ್‌ನಿಂದ ಬಂದ ಮೊದಲ ಎರಕವನ್ನು ಅಳೆಯುತ್ತಾರೆ, ಅಡ್ಡ ಕೊಯ್ಯುತ್ತಾರೆ, ಒಳಗೆ ಗುಳ್ಳೆ ಬಿದ್ದಿದೆಯೇ ಎಂದು ನೋಡಿ ಮತ್ತೆ ಕುಲುಮೆಗೇ ಹಾಕುತ್ತಾರೆ. ಜವಳಿ ಯಂತ್ರಗಳಿಗೆ ಹೆಸರಾದ ಕೊಯಮತ್ತೂರು ಬಳಿಯ ನಮ್ಮ ಪೆರಿಯನಾಯಕನಪಾಳ್ಯಂನಲ್ಲಿ ಇದು ದಿನನಿತ್ಯದ ಮಾತು. ಮೊದಲ ತುಂಡನ್ನು ಮಾಡುವುದೇ ಹಾಳು ಮಾಡಿ ಕಲಿಯಲಿಕ್ಕೆ. ವಿಮಾನದ ಮೂಲಮಾದರಿಯ ಗತಿಯೂ ಬಹುಪಾಲು ಇದೇ. ಕೆಲವು ಮಾತ್ರ ಹೇಗೋ ಉಳಿದುಕೊಳ್ಳುತ್ತವೆ.

ಉಳಿಯುವುದು ಕಷ್ಟ ಏಕೆಂದರೆ ಮೂಲಮಾದರಿಗೆ ಅಣ್ಣತಮ್ಮಂದಿರಿಲ್ಲ. ಅದನ್ನು ಕೈಯಲ್ಲೇ ಕಟ್ಟಿರುತ್ತಾರೆ. ಅದರ ಬಿಡಿಭಾಗ ಮುಂದೆ ಬಂದ ವಿಮಾನಗಳಿಗೆ ಹೊಂದುವುದಿಲ್ಲ, ಒಳಗಿನ ಜಾಗವನ್ನೆಲ್ಲ ಅಳತೆಯ ಉಪಕರಣಗಳೇ ತಿಂದಿರುತ್ತವೆ. ಹೀಗಾಗಿ ಯಾವ ಸ್ಕ್ವಾಡ್ರನ್‌ಗೂ ಅದು ಬೇಡ. ಯೋಜನೆ ಮುಗಿದ ದಿನ ಅದು ಹ್ಯಾಂಗರ್‌ನಲ್ಲಿ ಜಾಗ ಹಿಡಿದ ಸಾಮಾನು, ಲೆಕ್ಕಪುಸ್ತಕದಲ್ಲಿ ಗುಜರಿ.

ಬ್ರಿಟನ್ನಿನ ಟಿಎಸ್‌ಆರ್-2 ಬಾಂಬರ್‌ನ ಕಥೆ ನೋಡಿ. 1964ರ ಸೆಪ್ಟೆಂಬರ್ 27ರಂದು ರೋಲೆಂಡ್ ಬೀಮಾಂಟ್ ಅದನ್ನು ಮೊದಲ ಸಲ ಹಾರಿಸಿದರು. 1965ರ ಏಪ್ರಿಲ್ 6ರ ಬಜೆಟ್ ಭಾಷಣದಲ್ಲಿ ಯೋಜನೆಯೇ ರದ್ದಾಯಿತು. ಒಟ್ಟು ಹಾರಾಟ 24, ಅಷ್ಟನ್ನೂ ಹಾರಿದ್ದು ಎಕ್ಸ್‌ಆರ್219 ಎಂಬ ಒಂದೇ ವಿಮಾನ. ನ್ಯಾಯವಾಗಿ ಉಳಿಯಬೇಕಾದದ್ದು ಅದೇ. ಅದನ್ನು ಶೂಬರಿನೆಸ್‌ನ ಫಿರಂಗಿ ಮೈದಾನಕ್ಕೆ ಒಯ್ದು, ಗುಂಡೇಟಿಗೆ ಆಧುನಿಕ ವಿಮಾನದ ಮೈ ಹೇಗೆ ಒಡೆಯುತ್ತದೆಂದು ತಿಳಿಯಲು ಗುರಿಯಾಗಿ ನಿಲ್ಲಿಸಿದರು. ಒಮ್ಮೆಯೂ ನೆಲ ಬಿಡದ ಎರಡು ಉಳಿದವು. ಎಕ್ಸ್‌ಆರ್222 ಕ್ರ್ಯಾನ್‌ಫೀಲ್ಡ್‌ನ ಏರೋನಾಟಿಕ್ಸ್ ಕಾಲೇಜಿಗೆ ಪಾಠದ ಸಾಮಾನಾಗಿ ಹೋಗಿ, ಈಗ ಡಕ್ಸ್‌ಫರ್ಡ್ ಮ್ಯೂಸಿಯಂನಲ್ಲಿದೆ. ಎಕ್ಸ್‌ಆರ್220 ಎಂಜಿನ್ ಸದ್ದಿನ ಪರೀಕ್ಷೆಗೆ ಬಳಕೆಯಾಗಿ, ಕೊನೆಗೆ ಕಾಸ್‌ಫರ್ಡ್ ಮ್ಯೂಸಿಯಂ ಸೇರಿತು. ಹಾರಿದ್ದು ಹೋಯಿತು, ಹಾರದೆ ನಿಂತದ್ದು ಉಳಿಯಿತು. ಗೌರವ ಉಳಿಸಲಿಲ್ಲ, ಯಾವುದಾದರೊಂದು ಉಪಯೋಗ ಉಳಿಸಿತು.

ಮಾಸ್ಕಿಟೊ ವಿಮಾನದ್ದು ಬೇರೆ ದಾರಿ. ಅದರ ಮರದ ಮೂಲಮಾದರಿ ಡಬ್ಲ್ಯು4050 ಹಾರಿದ್ದು 1940ರ ನವೆಂಬರ್ 25ರಂದು. ಅದು ಹುಟ್ಟಿದ ಸಾಲಿಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಯನ್ನು ಯುದ್ಧದ ನಂತರ ಕೊಂಡ ವಾಲ್ಟರ್ ಗೋಲ್ಡ್‌ಸ್ಮಿತ್ ಎಂಬ ನಿವೃತ್ತ ಸೇನಾಧಿಕಾರಿ ವಿಮಾನವನ್ನು ತವರಿಗೇ ಕರೆಸಿಕೊಂಡರು. 1959ರಲ್ಲಿ ಅಲ್ಲಿ ಮ್ಯೂಸಿಯಂ ತೆರೆಯಿತು. ಮರದ ವಿಮಾನ ಇಷ್ಟು ವರ್ಷ ಬಾಳಿದ್ದಕ್ಕೆ ಕಾರಣ ಒಬ್ಬ ಮನುಷ್ಯನ ಹಟ ಮತ್ತು ಒಂದು ಸೂರು.

ನಮ್ಮ ಕಡೆಗೆ ಬರೋಣ. ಕೊಯಮತ್ತೂರಿಗೆ ವಿಮಾನದ ರಿಪೇರಿ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಇಲ್ಲಿ ವಿಮಾನ ದುರಸ್ತಿ ಯಾರ್ಡ್ ಇಟ್ಟಿತ್ತು, ಅದರ ಹೆಸರು ‘ಎಚ್‌ಎಂಎಸ್ ಗರುಡ’. ಇಂದು ಸೂಲೂರಿನ ವಾಯುನೆಲೆಯಲ್ಲಿ ತೇಜಸ್ ಯುದ್ಧವಿಮಾನ ಇದೆ. 2020ರ ಮೇ ತಿಂಗಳಲ್ಲಿ ಅಲ್ಲಿ ತೇಜಸ್ ಪಡೆದ 18ನೇ ಸ್ಕ್ವಾಡ್ರನ್, ಒಂದು ಕಾಲಕ್ಕೆ ಬ್ರಿಟಿಷ್ ವಿನ್ಯಾಸದ ನ್ಯಾಟ್ ಹಾರಿಸುತ್ತಿತ್ತು. ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಆ ಸ್ಕ್ವಾಡ್ರನ್ನಿನವರು.

ಆದರೆ ಮೂಲಮಾದರಿಯ ನಿಜವಾದ ಕಥೆ ಇರುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ ಯುದ್ಧವಿಮಾನಕ್ಕೆ ಮೊದಲು ಎಂಜಿನ್ನಿಲ್ಲದ ಮರದ ಗ್ಲೈಡರ್ ಒಂದನ್ನು ಪೂರ್ಣ ಗಾತ್ರದಲ್ಲೇ ಕಟ್ಟಿದರು. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ಯುತ್ತಿತ್ತು. 1959ರಿಂದ 78 ಹಾರಾಟ ಮಾಡಿದ ಮೇಲೆ, ಇಳಿಯುವಾಗ ಮುಂದಿನ ಚಕ್ರ ಹೊರಬಾರದೆ ಅದು ಜಖಂ ಆಯಿತು. ಜೆಟ್ ಮೂಲಮಾದರಿಯನ್ನು 1961ರ ಜೂನ್ 17ರಂದು ಸುರಂಜನ್ ದಾಸ್ ಹಾರಿಸಿದರು. ಟ್ಯಾಂಕ್ ನೆಚ್ಚಿಕೊಂಡಿದ್ದ ಬ್ರಿಸ್ಟಲ್ ಆರ್ಫಿಯಸ್ ಎಂಜಿನ್ನಿನ ಹೆಚ್ಚು ಬಲದ ಮಾದರಿ ಕೈಗೂಡಲಿಲ್ಲ. ಕಡಿಮೆ ಬಲದ ಎಂಜಿನ್ ಹಾಕಿಯೇ ವಿಮಾನ ತಯಾರಾಗಬೇಕಾಯಿತು. ಬಲ ಹೆಚ್ಚಿಸಿದ ಇನ್ನೊಂದು ಮೂಲಮಾದರಿ 1970ರ ಜನವರಿ 10ರಂದು ಅಪಘಾತಕ್ಕೀಡಾಗಿ ದಾಸ್ ತೀರಿಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಗೆ ಅವರದೇ ಹೆಸರು. ಒಂದು ಮೂಲಮಾದರಿ ರಸ್ತೆಯ ಹೆಸರಾಗಿ ಉಳಿದಿದೆ ಎನ್ನಬಹುದು.

ಒಟ್ಟು 147 ಮಾರುತಗಳು ತಯಾರಾದವು. ಇಂದು ಒಂದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿದೆ, ಒಂದು 2001ರಲ್ಲಿ ತೆರೆದ ಎಚ್‌ಎಎಲ್ ಮ್ಯೂಸಿಯಂನಲ್ಲಿ, ಇನ್ನೊಂದು ಟ್ಯಾಂಕ್ ಅವರ ನೆನಪಿಗೆ ಜರ್ಮನಿಯ ಮ್ಯೂನಿಕ್ ಬಳಿ.

ಇನ್ನು, ಉಳಿಸುವುದು ಹೇಗೆ? ಮೊದಲ ಕೆಲಸ ವಿಮಾನವನ್ನು ‘ಸಾಧು’ ಮಾಡುವುದು. ಇಜೆಕ್ಷನ್ ಸೀಟಿನ ಕೆಳಗಿರುವ ಸಿಡಿಮದ್ದಿನ ಕಾರ್ಟ್ರಿಜ್ ತೆಗೆಯದಿದ್ದರೆ ನಿಂತಲ್ಲೇ ಆಳನ್ನು ಕೊಲ್ಲುತ್ತದೆ. ಇಂಧನ, ಹೈಡ್ರಾಲಿಕ್ ಎಣ್ಣೆ, ಆಮ್ಲಜನಕದ ಸಿಲಿಂಡರ್ ಖಾಲಿ ಮಾಡಬೇಕು. ಹಳೆಯ ಡಯಲ್‌ಗಳಿಗೆ ರೇಡಿಯಂ ಬಣ್ಣ ಬಳಿದಿರುತ್ತಾರೆ. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ, ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅಂಥ ಡಯಲ್ ಬಿಚ್ಚಿ ಮನೆಗೆ ಒಯ್ಯಬೇಡಿ.

ಆಮೇಲೆ ಸಾಗಾಟ. ರೆಕ್ಕೆಯನ್ನು ಬೋಲ್ಟ್ ಬಿಚ್ಚಿ ತೆಗೆಯಲು ಬಂದರೆ ಸರಿ. ಅವಸರಕ್ಕೆ ಗ್ಯಾಸ್ ಕಟರ್ ಹಿಡಿದು ಒಳಗಿನ ಮುಖ್ಯ ತೊಲೆಯನ್ನೇ ಕಡಿದರೆ, ಮತ್ತೆ ಬೆಸುಗೆ ಹಾಕಿದರೂ ಅದು ಬರೀ ಬೊಂಬೆ. ನಿಲ್ಲಿಸುವಾಗ ಭಾರವನ್ನು ಟೈರಿನ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ಹೊರಿಸಬೇಕು.

ನಿಜವಾದ ಶತ್ರು ಮಳೆ. ಅಲ್ಯೂಮಿನಿಯಂಗೆ ತುಕ್ಕಿಲ್ಲ ಎಂಬುದು ಅರ್ಧ ಸತ್ಯ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಹಾಳೆಯನ್ನು ಮುಟ್ಟುವ ಕಡೆ ನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಅಲ್ಯೂಮಿನಿಯಂ ಕರಗುತ್ತಾ, ಪದರ ಪದರವಾಗಿ ಚಿರೋಟಿಯಂತೆ ಉಬ್ಬುತ್ತದೆ. ಮೆಗ್ನೀಷಿಯಂ ಮಿಶ್ರಲೋಹದ ಚಕ್ರಗಳು ಬಿಳಿಯ ಪುಡಿಯಾಗುತ್ತವೆ. ಹೊಟ್ಟೆಯ ಕೆಳಗೆ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ, ಎಲೆ ಮತ್ತು ಪಾರಿವಾಳದ ಹಿಕ್ಕೆ ಅವನ್ನು ಮುಚ್ಚಿದರೆ ವಿಮಾನ ನೀರಿನ ತೊಟ್ಟಿ. ಗಾಳಿಬಾಯಿಗೆ ಜಾಲರಿ ಹಾಕುವುದು, ವರ್ಷಕ್ಕೆರಡು ಸಲ ತೂತು ಕೆದಕುವುದು, ಮೈ ತೊಳೆಯುವುದು: ಅಗ್ಗದ ಕೆಲಸ, ಆದರೆ ಮಾಡುವವರು ಬೇಕು.

ಬಣ್ಣ ಬಳಿಯುವುದನ್ನೇ ಸಂರಕ್ಷಣೆ ಎಂದುಕೊಳ್ಳುವುದು ನನಗೆ ಸಿಟ್ಟು ತರಿಸುವ ವಿಷಯ. ಗಣ್ಯರು ಬರುವ ಮುನ್ನಾದಿನ ಬಳಿದ ದಪ್ಪ ಎನಾಮೆಲ್ ಕೆಳಗೆ ತುಕ್ಕು ಹಾಗೇ ಬೆಳೆಯುತ್ತದೆ, ಮೂಲದ ಅಂಕಿ ಅಕ್ಷರಗಳು ಅಳಿಯುತ್ತವೆ. ಕೆರೆಯುವ ಮುಂಚೆ ಫೋಟೊ ತೆಗೆದು, ಪ್ರತಿ ಅಕ್ಷರವನ್ನೂ ಟ್ರೇಸಿಂಗ್ ಹಾಳೆಯ ಮೇಲೆ ಇಳಿಸಿಕೊಳ್ಳಬೇಕು.

ಮುಂದಿನ ಸಲ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದಾಗ ಮಾರುತದ ಮುಂದೆ ನಿಂತು ಸೆಲ್ಫಿ ತೆಗೆದ ಮೇಲೆ, ಒಮ್ಮೆ ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡಿ. ತೂತು ಮುಚ್ಚಿದ್ದರೆ ಒಳಗೆ ಹೋಗಿ ಸಿಬ್ಬಂದಿಗೆ ಹೇಳಿ.