ಎಲ್ಲರೆದುರು ಪ್ರಶ್ನಿಸಿದರೆ ಏನಾಗುತ್ತೆ? ರಾಹುಲ್-ಗೋಯೆಂಕಾ ಪ್ರಕರಣ ಹೇಳೋದಿಷ್ಟು

ಸೋತ ತಂಡದ ನಾಯಕನನ್ನು ಮಾಲೀಕರು ಪ್ರಶ್ನೆ ಮಾಡೋದು ತಪ್ಪಾ? ಖಂಡಿತ ಅಲ್ಲ. ಕೋಟಿಗಟ್ಟಲೆ ದುಡ್ಡು ಹಾಕಿದವರು ಕೇಳೇ ಕೇಳ್ತಾರೆ. ಆದರೆ ಎಲ್ಲಿ, ಯಾರ ಎದುರು ಕೇಳಬೇಕು ಅನ್ನೋದು ಮುಖ್ಯ. ಮಂಗಳೂರಿನಲ್ಲಿ ಆಡಿ ಬೆಳೆದ ಕೆ.ಎಲ್. ರಾಹುಲ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ.

ಅವತ್ತು ಆಗಿದ್ದೇನು?

2024ರ ಮೇ 8, ಹೈದರಾಬಾದ್. ರಾಹುಲ್ ನಾಯಕತ್ವದ ಲಖನೌ ತಂಡ 20 ಓವರ್‌ಗಳಲ್ಲಿ 165 ರನ್ ಗಳಿಸಿತು. ರಾಹುಲ್ ಹೊಡೆದಿದ್ದು 33 ಎಸೆತಗಳಲ್ಲಿ 29. ಸನ್‌ರೈಸರ್ಸ್‌ನ ಟ್ರಾವಿಸ್ ಹೆಡ್ ಮತ್ತು ಅಭಿಷೇಕ್ ಶರ್ಮಾ ಒಂದೂ ವಿಕೆಟ್ ಬೀಳದಂತೆ 9.4 ಓವರ್‌ಗಳಲ್ಲೇ ಆಟ ಮುಗಿಸಿದರು. ಪಂದ್ಯದ ನಂತರ ಮಾಲೀಕ ಸಂಜೀವ್ ಗೋಯೆಂಕಾ ಕೈ ಆಡಿಸುತ್ತಾ ಆವೇಶದಿಂದ ಮಾತಾಡುತ್ತಿದ್ದುದು, ರಾಹುಲ್ ಸುಮ್ಮನೆ ಕೇಳುತ್ತಾ ನಿಂತಿದ್ದುದು ಟಿವಿಯಲ್ಲಿ ಬಂತು. ಮಾತು ಯಾರಿಗೂ ಕೇಳಿಸಲಿಲ್ಲ. ದೃಶ್ಯ ಮಾತ್ರ ಮೊಬೈಲಿಂದ ಮೊಬೈಲಿಗೆ ಹರಿದಾಡಿತು.

ಯಾಕೆ ನೋವಾಗುತ್ತೆ?

ಸೋಲು ಆಟಗಾರನಿಗೆ ಹೊಸದಲ್ಲ. ಆದರೆ ನಾಯಕನಾದವನು ಮರುದಿನ ಅದೇ ಹುಡುಗರಿಗೆ ಹೀಗೆ ಆಡಿ ಅಂತ ಹೇಳಬೇಕು. ಅವರ ಎದುರೇ ತಲೆ ತಗ್ಗಿಸುವಂತಾದರೆ ಅವನ ಮಾತಿಗೆ ತೂಕ ಎಲ್ಲಿ ಉಳಿಯುತ್ತೆ?

ಆಮೇಲೆ ಏನಾಯ್ತು?

ಇದು ಇಬ್ಬರು ಕ್ರಿಕೆಟ್ ಪ್ರೇಮಿಗಳ ಮಾತುಕತೆ ಅಷ್ಟೇ ಎಂದು ಸಹಾಯಕ ಕೋಚ್ ಲ್ಯಾನ್ಸ್ ಕ್ಲೂಸ್ನರ್ ಸಮಜಾಯಿಷಿ ಕೊಟ್ಟರು. ಗೋಯೆಂಕಾ ಮನೆಗೆ ಕರೆದು ಊಟ ಹಾಕಿಸಿದರು. ಆದರೂ ನಂಟು ಉಳಿಯಲಿಲ್ಲ. ಸೀಸನ್ ಮುಗಿದ ಮೇಲೆ ರಾಹುಲ್ ಲಖನೌ ಬಿಟ್ಟರು. ಹೊಸದಾಗಿ ಶುರು ಮಾಡಬೇಕು, ಹಗುರವಾದ ವಾತಾವರಣ ಬೇಕು ಅಂತ ಕಾರಣ ಹೇಳಿದರು. ನವೆಂಬರ್ ಹರಾಜಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ 14 ಕೋಟಿ ರೂ.ಗೆ ಖರೀದಿಸಿತು.

2025ರ ಏಪ್ರಿಲ್ 22ರಂದು ಲಖನೌ ಮೈದಾನದಲ್ಲೇ ರಾಹುಲ್ ಅಜೇಯ 57 ರನ್ ಹೊಡೆದು, ಸಿಕ್ಸರ್‌ನಿಂದ ಡೆಲ್ಲಿಯನ್ನು ಗೆಲ್ಲಿಸಿದರು. ಗೋಯೆಂಕಾ ಮಾತಿಗೆ ಬಂದಾಗ ಕೈ ಕುಲುಕಿ, ನಿಲ್ಲದೆ ಮುಂದೆ ಹೋದರು. ಒಂದು ಮಾತಿನ ಜಗಳವೂ ಇಲ್ಲ.

ನಮಗೇನು ಪಾಠ?

ಇದು ಕೋಟಿ ಲೆಕ್ಕದವರ ಕಥೆ ಮಾತ್ರ ಅಲ್ಲ. ಗಿರಾಕಿಗಳ ಎದುರು ಬೈಸಿಕೊಂಡ ಅಂಗಡಿ ಹುಡುಗನೂ ಅವತ್ತು ಸುಮ್ಮನೆ ಇರ್ತಾನೆ. ಪಕ್ಕದ ಬೀದಿಯಲ್ಲಿ ಕೆಲಸ ಸಿಕ್ಕಾಗ ಹೊರಟುಬಿಡ್ತಾನೆ. ತಪ್ಪು ಹೇಳಲೇಬೇಕು, ಆದರೆ ಶಟರ್ ಎಳೆದ ಮೇಲೆ.