ನೆಳಲಿಗೊಂದು ಕಟ್ಟುಕೊಡಗೆ

ಕಳೆದ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಹಗಲಿನ ಬಿಸಿಲನ್ನು ಹೇಗೋ ತಾಳಿಕೊಂಡೆ, ಇರುಳನ್ನು ತಾಳುವುದಾಗಲಿಲ್ಲ. ನಡುರಾತ್ರಿಯಲ್ಲಿ ಕೋಣೆಯ ಗೋಡೆ ಆರದ ಒಲೆಕಟ್ಟೆಯಂತೆ ಬಿಸಿಯಾಗಿತ್ತು. ಕೆಲಸ ಮುಗಿಸಿ ಕೊಡ್ಲಿಪೇಟೆಗೆ ಮರಳಿ ಬಸ್ಸಿನಿಂದ ಇಳಿದಾಗ ಸಂಜೆಯ ಗಾಳಿ ಮೈಸೋಕಿತು. ಕೊಡಗಿನ ಬಡಗಣ ಅಂಚಿನಲ್ಲಿ, ಹಾಸನ ಜಿಲ್ಲೆಯ ಎಲ್ಲೆಗೆ ಒತ್ತಿಕೊಂಡಿರುವ ಈ ಊರಿನ ತಂಪಿಗೆ ನಾನೇನೂ ಬೆಲೆ ತೆತ್ತವನಲ್ಲ. ತೆತ್ತವರು ಯಾರು ಎಂಬ ಪ್ರಶ್ನೆ ಅಂದು ನನ್ನಲ್ಲಿ ಮೊದಲ ಬಾರಿಗೆ ಹುಟ್ಟಿತು.

ಕಲ್ಲು, ಸಿಮೆಂಟು, ಡಾಂಬರುಗಳು ಹಗಲೆಲ್ಲ ಬಿಸಿಲನ್ನು ಹೀರಿ ಇರುಳೆಲ್ಲ ಕಾರುತ್ತವೆ. ಮರವಾದರೋ ನೆಳಲನ್ನೀಯುವುದಲ್ಲದೆ, ಬೇರಿನಿಂದ ಎತ್ತಿದ ನೀರನ್ನು ಎಲೆಗಳಿಂದ ಆವಿಯಾಗಿ ಬಿಟ್ಟು ಸುತ್ತಣ ಗಾಳಿಯನ್ನೂ ತಣಿಸುತ್ತದೆ. ಮರಗಳೂ ಕೆರೆಗಳೂ ಹಿಂದೆ ಸರಿದು ಕಟ್ಟಡಗಳು ಮುಂದೆ ಬಂದ ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ ತಾಪ 39.2 ಡಿಗ್ರಿ ಮುಟ್ಟಿತು. ಅಲ್ಲಿನ ಆಗಿನ ಮಹಾನಗರ ಪಾಲಿಕೆ 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾ ಯೋಜನೆಯೊಂದನ್ನು ಹೊರತಂದಿತು. ಯೋಜನೆ ಬೇಕು, ಹಣವೂ ಬೇಕು. ಆ ಹಣ ಯಾವುದಕ್ಕೆ ಎಂಬಲ್ಲಿ ನಾವು ಎಡವುತ್ತೇವೆ.

ಎಡವಿದವರಲ್ಲಿ ನಾನೂ ಒಬ್ಬ. ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಇಂದಿಗೂ ನಡೆದು ಬಂದಿದೆ. ಹಲವು ವರ್ಷಗಳ ಹಿಂದೆ, ಬಯಲುಸೀಮೆಯ ಕಾಲೇಜೊಂದರಲ್ಲಿ ಅದರ ಹೊಣೆ ನನ್ನದಾಗಿತ್ತು. ಸಸಿ, ಗುಂಡಿ, ಶಾಮಿಯಾನ, ಹೂಮಾಲೆ ಎಲ್ಲಕ್ಕೂ ಲೆಕ್ಕ ಬರೆದು ರುಜು ಹಾಕಿದೆ. ನೀರೆರೆಯುವವನ ಕೂಲಿಗೆಂದು ಒಂದು ಸಾಲನ್ನೂ ಬರೆಯಲಿಲ್ಲ. ಐವತ್ತು ಸಸಿಗಳಲ್ಲಿ ಮರುವರ್ಷ ಉಳಿದವು ಎರಡು. ಅವೂ ನಲ್ಲಿಯ ಬಳಿ ಇದ್ದುದರಿಂದ. ಲೆಕ್ಕವೇನೋ ಕಾಸಿಗೆ ಕಾಸು ತಾಳೆಯಾಗಿತ್ತು.

ನಾಚಿಕೆಯ ಸಂಗತಿಯೆಂದರೆ, ಅದೇ ವರ್ಷ ನಾನು ತರಗತಿಯಲ್ಲಿ ಶಾಸನಗಳನ್ನು ಪಾಠ ಹೇಳುತ್ತಿದ್ದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳಿಗೆ ವಿದ್ಯಾರ್ಥಿಗಳಿಗೆ ಅರ್ಥ ಬರೆಸಿದ್ದೆ. ಕೆರೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳುವುದು ನಮ್ಮ ಹಿರಿಯರ ರೀತಿಯಾಗಿರಲಿಲ್ಲ. ಅದರ ರಕ್ಷಣೆಗೆಂದು ಭೂಮಿಯನ್ನು ಬಿಡುತ್ತಿದ್ದರು, ಹೂಳೆತ್ತುವ ಬಂಡಿಗೂ ದತ್ತಿಯಿಡುತ್ತಿದ್ದರು. ಕಟ್ಟಿಸಿದವನು ಹೋದ ಮೇಲೂ ಕಾಯುವವನಿಗೆ ಅನ್ನವಿರಬೇಕೆಂಬುದು ಆ ದತ್ತಿಗಳ ವಿವೇಕ.

ಆ ವಿವೇಕ ಇಂದಿನ ನಗರದಲ್ಲಿಯೂ ಸಾಧ್ಯವೆಂಬುದಕ್ಕೆ ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆ ಒಂದು ನಿದರ್ಶನ. ಬತ್ತುತ್ತಿದ್ದ ಆ ಕೆರೆಗಾಗಿ ನೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. 2011ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಜನರ ದೇಣಿಗೆಯಿಂದ ಅದರ ಪಾಲನೆಗೆ ನಿಂತರು.

ಆದರೆ ದೇಣಿಗೆ ಕೊಡಬಲ್ಲವರ ಬಡಾವಣೆಗೆ ಈ ಮಾತು ಸಲ್ಲುತ್ತದೆ. ತಗಡಿನ ಸೂರಿನ ಕೇರಿಗೆ ಏನು ಗತಿ ಎಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ಸೆಕೆ ಹೆಚ್ಚಾಗಿ ಹೊಡೆಯುವುದು ಅಲ್ಲಿಯೇ, ಸಸಿ ನೆಡಲು ಗೇಣು ನೆಲವಿಲ್ಲದ್ದೂ ಅಲ್ಲಿಯೇ. ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿಯ ಬಣ್ಣವನ್ನು ಸೂರಿಗೆ ಬಳಿದರೂ ಒಳಗಿನ ಕಾವು ಇಳಿಯುತ್ತದೆ. ಅದನ್ನೂ ಆಗಾಗ ಮತ್ತೆ ಬಳಿಯಬೇಕು. ಸಾರ್ವಜನಿಕ ಹಣ ಮೊದಲು ಅಲ್ಲಿಗೆ ಹೋಗಬೇಕು. ಅದು ಒಂದು ದಿನದ ಉತ್ಸವಕ್ಕಾಗಿ ಅಲ್ಲ, ಹಲವು ವರ್ಷಗಳ ಪಾಲನೆಗಾಗಿ ಆ ಕೇರಿಯವರ ಕೈಗೇ ಸೇರಬೇಕು.

ನಮ್ಮ ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳಿವೆ. ಕೊಡಲಿಯೆತ್ತದೆ ತಲೆಮಾರುಗಳ ಕಾಲ ಅವನ್ನು ಕಾದವರ ಸಂಯಮವೇ ನಾನು ಉಣ್ಣುತ್ತಿರುವ ತಂಪಿನ ಬೆಲೆಯಲ್ಲೊಂದು ಪಾಲು. ನನ್ನ ಪ್ರಶ್ನೆಗೆ ದೊರೆತ ಉತ್ತರ ಇದು.

ಈ ಸಲ ಕಾಲೇಜಿನ ವನಮಹೋತ್ಸವದ ಅಂದಾಜುಪಟ್ಟಿ ಮತ್ತೆ ನನ್ನ ಪಾಲಿಗೆ ಬಂದಿದೆ. ಐವತ್ತರ ಬದಲು ಹತ್ತು ಸಸಿ ಎಂದು ಬರೆದಿದ್ದೇನೆ. ಉಳಿದ ಹಣವನ್ನು ಮೂರು ಬೇಸಗೆಗಳ ನೀರಿನ ಕೂಲಿಗೆಂದು ತೋರಿಸಿದ್ದೇನೆ. ಶಾಮಿಯಾನವಿಲ್ಲದ ಉತ್ಸವವನ್ನು ಪ್ರಾಂಶುಪಾಲರು ಒಪ್ಪುವರೋ ಇಲ್ಲವೋ ತಿಳಿಯದು. ಒಪ್ಪದಿದ್ದರೆ ಮತ್ತೊಮ್ಮೆ ಹೋಗಿ ಕೇಳುವುದೆಂದು ನಿಶ್ಚಯಿಸಿದ್ದೇನೆ.